ಕಚ್ಚಿದರೆ ಒಂದೇ ಸದ್ದು

ಆ ಕಟ್ಟಡದಲ್ಲಿ ಅವಳಿಗೆ ತನಿಖೆಯಮ್ಮ ಎಂದು ಹೆಸರು. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ. ಹಾಗಂತ ಅವಳಿಗೆ ಗೊತ್ತಿಲ್ಲ ಎಂದಲ್ಲ. ಆ ಹೆಸರಿಟ್ಟವನು ಅವಳ ಗಂಡನೇ. ತಂದ ಹಾಲಿನ ಪಾಕೀಟನ್ನು ಅವಳು ಎರಡೂ ಕಡೆ ಒತ್ತಿ, ಬೆಳಕಿಗೆ ಹಿಡಿದು ನೋಡುವುದನ್ನು ಕಂಡು, "ತನಿಖೆ ಮುಗೀತಾ? ನಾನು ಒಳಗೆ ಬರಬಹುದಾ?" ಎಂದು ಹೊಸ್ತಿಲಲ್ಲೇ ನಿಂತು ಕೇಳುತ್ತಿದ್ದ. ಪಕ್ಕದ ಮನೆಯವರು ಕೇಳಿಸಿಕೊಂಡರು. ಅಷ್ಟು ಸಾಕಾಯಿತು.

ಅವನು ಹಲ್ಲು ಜೋಡಿಸುವವನು. ಬಾಯಲ್ಲಿ ಹಲ್ಲಿಲ್ಲದವರಿಗೆ ಸೆಟ್ಟು ಕಟ್ಟಿಕೊಡುವ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷ ಒಂದೇ ಸ್ಟೂಲಿನ ಮೇಲೆ ಕೂತು, ಮೇಣದಲ್ಲಿ ಒಂದೊಂದೇ ಹಲ್ಲು ನಿಲ್ಲಿಸಿದ. ಎಂಟು ತಿಂಗಳ ಹಿಂದೆ ಬಸ್ ಸ್ಟಾಪಿನಲ್ಲಿ ಕುಸಿದು ಸತ್ತ. ಅಂಗಿಯ ಜೇಬಿನಲ್ಲಿ ಒಂದು ಡಬ್ಬಿ ಇತ್ತು. ಡಬ್ಬಿಯೊಳಗೆ ಯಾರದೋ ಹಲ್ಲು. ವಾರ ಕಳೆದ ಮೇಲೆ ಅವಳೇ ವಿಳಾಸ ಹುಡುಕಿಕೊಂಡು ಹೋಗಿ ಕೊಟ್ಟು ಬಂದಳು. ಒಬ್ಬ ಮುದುಕ ಬಾಗಿಲು ತೆಗೆದ. ಅಲ್ಲೇ ಹಾಕಿಕೊಂಡು, ಕಚ್ಚಿ ನೋಡಿ, "ಚೆನ್ನಾಗಿ ಕೂತಿದೆ, ಅವರಿಗೆ ಹೇಳಿ" ಎಂದ. ಹೇಳ್ತೀನಿ ಎಂದು ಬಂದಳು.

ಗಂಡನ ಸ್ಟೂಲಿನ ಮೇಲೆ ಈಗ ಮಗಳು ಕೂರುತ್ತಾಳೆ. ಹನ್ನೆರಡನೇ ಕ್ಲಾಸು ಮುಗಿಸಿ ಎರಡು ವರ್ಷ ಅಪ್ಪನ ಪಕ್ಕದಲ್ಲಿ ಕೆಲಸ ಕಲಿತವಳು. ಕಾಲೇಜಿಗೆ ಅರ್ಜಿ ಹಾಕಿಸಿದ್ದೂ ಅಪ್ಪನೇ. ಹಲ್ಲು ಕಟ್ಟುವುದನ್ನೇ ಮೂರು ವರ್ಷ ಓದಿಸುವ ಕಾಲೇಜು, ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಅರ್ಜಿ ಹಾಕಿಸಿದವನು ಹೋದ. ಸೀಟು ಬಂತು.

ಕಾಗದ ಬಂದದ್ದು ಒಂದು ಸೋಮವಾರ. ಕೆಳಗಡೆ ಎರಡು ಚೌಕ. ಈ ವರ್ಷವೇ ಸೇರುವುದಾದರೆ ಒಂದಕ್ಕೆ ಗುರುತು, ಒಂದು ವರ್ಷ ಮುಂದೂಡುವುದಾದರೆ ಇನ್ನೊಂದಕ್ಕೆ. ಅದರ ಕೆಳಗೆ ತಂದೆ ಅಥವಾ ತಾಯಿಯ ಸಹಿ. ಮುಂದಿನ ವಾರದ ಶುಕ್ರವಾರ ಕೊನೆಯ ದಿನ. ಮಗಳು ಅದನ್ನು ಮೇಜಿನ ಮೇಲಿಟ್ಟು ಪೆನ್ನನ್ನೂ ಪಕ್ಕದಲ್ಲಿಟ್ಟಳು.

"ಒಂದು ವರ್ಷ ಮುಂದಕ್ಕೆ ಹಾಕೋಣ ಅಮ್ಮ. ಇಲ್ಲಿ ಸೈನ್ ಮಾಡು."

"ಯಾಕೆ?"

"ಅಂಗಡೀಲಿ ಕೆಲಸ ಇದೆ."

"ಕೆಲಸ ಯಾವತ್ತು ಇರಲ್ಲ?"

"ಒಂದೇ ವರ್ಷ. ಸೀಟು ಎಲ್ಲೂ ಓಡಿ ಹೋಗಲ್ಲ."

"ನನ್ನ ಸಂಬಳದಲ್ಲಿ ಮನೆ ನಡೆಯಲ್ಲ ಅಂತ ನಾನು ಹೇಳಿದ್ನಾ?"

"ದುಡ್ಡಿನ ಮಾತಲ್ಲ ಅಮ್ಮ."

"ಮತ್ತೆ ಯಾವ ಮಾತು?"

ಮಗಳು ಲೋಟ ತೊಳೆಯಲು ಹೋದಳು. ಲೋಟ ಆಗಲೇ ತೊಳೆದಿತ್ತು. ತನಿಖೆಯಮ್ಮ ಅದನ್ನು ಗಮನಿಸಿದಳು.

ಒಂದು ವರ್ಷ ಎನ್ನುವ ಮಾತು ಅವಳಿಗೆ ಹೊಸದಲ್ಲ. ನಾಲ್ಕನೇ ಕ್ಲಾಸು ಮುಗಿದ ರಜೆಯಲ್ಲಿ ಅವಳಪ್ಪ ಅವಳನ್ನು ದೊಡ್ಡ ಲಾಂಡ್ರಿಗೆ ಕರೆದುಕೊಂಡು ಹೋದ. ಆಸ್ಪತ್ರೆ, ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ಜಾಗ. "ಒಂದು ವರ್ಷ ಬಟ್ಟೆ ಮಡಚು. ಮುಂದಿನ ವರ್ಷ ಸ್ಕೂಲಿಗೆ ಹೋಗುವೆಯಂತೆ" ಎಂದ. ಅವಳ ಪುಸ್ತಕಗಳನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟ. ಎಷ್ಟು ಜೋಪಾನವಾಗಿ ಇಟ್ಟನೆಂದರೆ ಅವಳು ನಂಬಿದಳು. ಈಗಲೂ ಅದೇ ಲಾಂಡ್ರಿ. ಮೂವತ್ತಾರು ವರ್ಷವಾಯಿತು. ಅಪ್ಪ ಸುಳ್ಳು ಹೇಳಿರಲಿಲ್ಲ. ಅವನೂ ನಂಬಿದ್ದ. ಅದೇ ಅವಳಿಗೆ ಇವತ್ತಿಗೂ ಅರಗದ ಸಂಗತಿ. ಸುಳ್ಳಾಗಿದ್ದರೆ ಆಗಲೇ ಹಿಡಿಯಬಹುದಿತ್ತು.

"ನೋಡೋಣ" ಎಂದು ಕಾಗದವನ್ನು ಬೀರುವಿನಲ್ಲಿ, ಮಡಚಿದ ಹೊದಿಕೆಗಳ ನಡುವೆ ಇಟ್ಟಳು. ಎಷ್ಟನೇ ಹೊದಿಕೆಯ ಕೆಳಗೆ ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡಳು. ಮಗಳೇ ಸಹಿ ಹಾಕಿಬಿಟ್ಟರೆ ಎಂಬ ಅನುಮಾನ ಅವಳಿಗಿತ್ತು. ಹೆತ್ತ ಮಗಳ ಮೇಲೆ ಅನುಮಾನವೇ ಎಂದು ಯಾರಾದರೂ ಕೇಳಿದರೆ, ಹೆತ್ತದ್ದಕ್ಕೇ ಚೆನ್ನಾಗಿ ಗೊತ್ತು ಎನ್ನುತ್ತಿದ್ದಳು.

ಅವತ್ತಿನಿಂದ ಅವಳ ಕಿವಿ ನೆಟ್ಟಗಾಯಿತು.

ಮೊದಲು ಸಿಕ್ಕಿದ್ದು ಬೀಗದ ಕೈ. ಮಗಳ ಚೀಲದ ಒಳಜೇಬಿನಲ್ಲಿ ಅಂಗಡಿಯ ಶಟರಿನದು. ಗಂಡ ಹತ್ತೊಂಬತ್ತು ವರ್ಷ ದುಡಿದರೂ ಅವನ ಕೈಗೆ ಬೀಗದ ಕೈ ಬಂದಿರಲಿಲ್ಲ. ಅವನ ಸ್ಟೂಲಿಗೆ ಬಂದು ಎಂಟೇ ತಿಂಗಳಾದ ಹುಡುಗಿಗೆ ಹೇಗೆ ಬಂತು? ಆಮೇಲೆ ಸಿಕ್ಕಿದ್ದು ಹೊತ್ತು. ಅಂಗಡಿ ತೆರೆಯುವುದು ಒಂಬತ್ತಕ್ಕೆ. ಮಗಳು ಏಳಕ್ಕೇ ಹೊರಡುತ್ತಾಳೆ. ಒಂದು ಬೆಳಿಗ್ಗೆ ತನಿಖೆಯಮ್ಮ ನಾಲ್ಕು ಮನೆ ಅಂತರ ಬಿಟ್ಟು ಹಿಂದೆ ನಡೆದಳು. ಮಗಳು ಶಟರನ್ನು ಅರ್ಧ ಎತ್ತಿದಳು. ಅಂಗಡಿಯ ಯಜಮಾನ ಎದುರಿನಿಂದ ಬಂದ. ಎಪ್ಪತ್ತು ದಾಟಿದ ಮುದುಕ, ಅವಳ ಗಂಡನಿಗೆ ಕೆಲಸ ಕಲಿಸಿದವನು. ಇಬ್ಬರೂ ಬಗ್ಗಿ ಒಳಗೆ ಹೋದರು. ಶಟರು ಕೆಳಗಿಳಿಯಿತು.

ಮೂರನೆಯದು ಸದ್ದು. ಸಂಜೆ ಮನೆಗೆ ಬಂದವಳು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ. ಒಳಗಿಂದ ಟಕ್ ಎನ್ನುತ್ತದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಟಕ್ ಟಕ್. ಯಾರಿಗೋ ಮೆಸೇಜು ಹೊಡೆಯುತ್ತಿದ್ದಾಳೆ ಎಂದುಕೊಂಡಳು ತಾಯಿ. ಆಮೇಲೆ ನೋಡಿದರೆ ಫೋನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿದೆ. ಒಳಗೆ ಟಕ್ ಟಕ್ ನಡೆದೇ ಇದೆ. ಹಾಗಾದರೆ ಇನ್ನೊಂದು ಫೋನಿದೆ ಎಂದುಕೊಂಡಳು.

ಲಾಂಡ್ರಿಯಲ್ಲಿ ಅವಳ ಜೋಡಿ ಹಬೆಯಕ್ಕ. ಇಸ್ತ್ರಿ ಯಂತ್ರದ ಹಬೆಯಲ್ಲಿ ನಿಂತು ನಿಂತು ಮುಖ ಹನ್ನೆರಡು ತಿಂಗಳೂ ಬೆಂದಂತೆ ಕೆಂಪಗಿರುವುದರಿಂದ ಆ ಹೆಸರು. ದೊಡ್ಡ ಬಟ್ಟೆಯನ್ನು ಒಬ್ಬರೇ ಮಡಚಲಾಗುವುದಿಲ್ಲ. ಇಬ್ಬರು ನಾಲ್ಕು ಮೂಲೆ ಹಿಡಿದು ದೂರ ಸರಿಯಬೇಕು, ಕೊಡವಬೇಕು, ಹತ್ತಿರ ಬಂದು ಮೂಲೆಗೆ ಮೂಲೆ ಸೇರಿಸಬೇಕು. ಯಂತ್ರಗಳ ಗದ್ದಲದಲ್ಲಿ ದೂರದಿಂದ ಮಾತು ಕೇಳಿಸದು. ಮೂಲೆ ಸೇರಿದಾಗ ಒಂದು ಮಾತು, ಮತ್ತೆ ದೂರ, ಮತ್ತೆ ಒಂದು ಮಾತು. ಆ ಇಬ್ಬರು ಮೂವತ್ತು ವರ್ಷ ಹೀಗೇ ಮಾತಾಡಿದ್ದಾರೆ.

"ಆ ಯಜಮಾನನಿಗೆ ಮಗ ಇದ್ದಾನಾ?" ಎಂದಳು ಹಬೆಯಕ್ಕ.

ದೂರ ಸರಿದರು, ಕೊಡವಿದರು.

"ಇಲ್ಲ."

ಮತ್ತೊಂದು ಬಟ್ಟೆ.

"ಅಣ್ಣನ ಮಗ?"

"ಅವನಿಗೆ ಅಣ್ಣನೇ ಇಲ್ಲ."

"ಹಾಗಾದ್ರೆ ನಿನ್ನ ಮಗಳು ಕೆಲಸಾನೇ ಮಾಡ್ತಿರಬೇಕು ಬಿಡು. ಪ್ರಪಂಚದಲ್ಲಿ ಅಂಥವರೂ ಇರ್ತಾರೆ."

"ಬಾಗಿಲು ಹಾಕ್ಕೊಂಡು ಮಾಡೋ ಕೆಲಸ ಯಾವುದು?"

ಹಬೆಯಕ್ಕ ಎರಡು ಬಟ್ಟೆ ಆದ ಮೇಲೆ ಹೇಳಿದಳು. "ನನ್ನನ್ನ ಕೇಳಿದ್ರೆ, ಅವನು ಇವಳ ತಲೆ ಸವರ್ತಿದ್ದಾನೆ. ಒಳ್ಳೆ ಕೈ ಕಣಮ್ಮ ನಿನ್ನದು, ಓದಿದವರಿಗಿಂತ ನೀನೇ ಮೇಲು ಅಂತ. ಹೊಗಳಿ ಹೊಗಳಿ ಕೂರಿಸ್ಕೋತಾನೆ. ನಮ್ಮ ಲಾಂಡ್ರಿ ಮೇಸ್ತ್ರಿ ನಿನಗೂ ಹಾಗೇ ಹೇಳ್ತಿದ್ನಲ್ಲ, ನಿನ್ನಷ್ಟು ನೇರಕ್ಕೆ ಮಡಚೋರು ಇಲ್ಲ ಅಂತ."

ಆ ಮಾತು ತನಿಖೆಯಮ್ಮನಿಗೆ ಚುಚ್ಚಿತು. ಹನ್ನೆರಡನೇ ವಯಸ್ಸಿನಲ್ಲಿ ಆ ಹೊಗಳಿಕೆಗೆ ಎದೆಯುಬ್ಬಿಸಿದವಳೇ ಅವಳು. ಮೂಲೆಯನ್ನು ಸ್ವಲ್ಪ ಜೋರಾಗಿಯೇ ಎಳೆದಳು. "ನಾಳೆ ನಾನು ಅರ್ಧ ದಿನ ಬರಲ್ಲ" ಎಂದಳು. "ಹಲ್ಲು ಕಟ್ಟಿಸ್ಕೋಬೇಕು."

ಅವಳ ಎಡಗಡೆ ಕೆಳಗೆ ಒಂದು ದವಡೆ ಹಲ್ಲು ಹೋಗಿ ಹತ್ತು ವರ್ಷವಾಗಿತ್ತು. ನಾನು ಕಟ್ಟಿಕೊಡ್ತೀನಿ ಎಂದು ಗಂಡ ಹತ್ತು ವರ್ಷವೂ ಹೇಳಿದ್ದ. ಊರಿನವರ ಬಾಯಿಗೆ ಇವತ್ತು, ಮನೆಯವಳ ಬಾಯಿಗೆ ನಾಳೆ. ಅವಳು ಬಲಗಡೆಯಲ್ಲೇ ಅಗಿದು ಅಭ್ಯಾಸ ಮಾಡಿಕೊಂಡಿದ್ದಳು. ಅವನು ಹೋದ ಮೇಲೆ ಆ ಸಂದಿಗೆ ನಾಲಿಗೆ ಹೋದಾಗಲೆಲ್ಲ ತೆಗೆದುಬಿಡುತ್ತಿದ್ದಳು. ಈಗ ಅದೇ ಸಂದಿ ಅಂಗಡಿಯೊಳಗೆ ನುಗ್ಗಲು ನೆಪವಾಯಿತು.

ಅಂಗಡಿ ಎಂದರೆ ಉದ್ದನೆಯ ಒಂದೇ ಕೋಣೆ. ಮುಂದುಗಡೆ ತಲೆ ಹಿಂದಕ್ಕೆ ಒರಗಿಸುವ ಕುರ್ಚಿ. ಹಿಂದುಗಡೆ ಕೆಲಸದ ಮೇಜು, ಮೇಣ ಕರಗಿಸುವ ಸಣ್ಣ ಒಲೆ, ಗೋಡೆ ತುಂಬ ಹಲಗೆ. ಹಲಗೆಗಳ ಮೇಲೆ ನೂರಾರು ಬಾಯಿಗಳು. ಸುಣ್ಣದಂಥ ಬಿಳಿ ಗಾರೆಯಲ್ಲಿ ಎರಕ ಹೊಯ್ದ ದವಡೆಗಳು, ಮೇಲಿನದು ಕೆಳಗಿನದು ಜೋಡಿ ಜೋಡಿ. ನೆಲದ ಮೇಲೆಲ್ಲ ಬಿಳಿ ಪುಡಿ. ಗಂಡನ ಪ್ಯಾಂಟಿನ ಮಡಿಕೆಯಲ್ಲಿ ಹತ್ತೊಂಬತ್ತು ವರ್ಷ ಮನೆಗೆ ಬರುತ್ತಿದ್ದ ಪುಡಿ ಅದೇ.

ಅಮ್ಮನನ್ನು ಬಾಗಿಲಲ್ಲಿ ನೋಡಿ ಮಗಳ ಕೈ ನಿಂತಿತು. "ನೀನ್ಯಾಕೆ ಬಂದೆ?"

"ಗಿರಾಕಿ ನಾನು. ಗಿರಾಕೀನ ಹೀಗಾ ಮಾತಾಡ್ಸೋದು?"

ಯಜಮಾನ ಸದ್ದು ಬಂದ ಕಡೆ ಮುಖ ತಿರುಗಿಸಿದ. "ಯಾರು, ನಮ್ಮ ತಂಗಿನಾ? ಬಾಮ್ಮ, ಕೂತ್ಕೋ."

"ಹಲ್ಲು ಕಟ್ಟಿಸ್ಕೋಬೇಕು ಯಜಮಾನ್ರೇ. ನೀವೇ ಕಟ್ಟಬೇಕು. ಇವಳಲ್ಲ."

"ಯಾಕೆ, ಮಗಳ ಕೈ ಮೇಲೆ ನಂಬಿಕೆ ಇಲ್ವಾ?"

"ನನಗೆ ಯಾರ ಮೇಲೂ ಇಲ್ಲ. ಅದರಲ್ಲಿ ನಿಮ್ಮ ಕೈ ಸ್ವಲ್ಪ ಹಳೇದು."

ಯಜಮಾನ ನಕ್ಕ. ಮಗಳು ನಗಲಿಲ್ಲ.

ಅಳತೆಗೆ ಅಚ್ಚು ತೆಗೆಯಬೇಕು. ಗುಲಾಬಿ ಬಣ್ಣದ ಹಿಟ್ಟಿನಂಥದ್ದನ್ನು ಕಲಸಿ, ಕುದುರೆ ಲಾಳದ ಆಕಾರದ ತಟ್ಟೆಯಲ್ಲಿ ತುಂಬಿ ಬಾಯೊಳಗೆ ಒತ್ತಿ ಹಿಡಿಯುತ್ತಾರೆ. ಅದು ಗಟ್ಟಿಯಾಗುವವರೆಗೆ ಮೂರು ನಿಮಿಷ ಬಾಯಿ ಅಲುಗಿಸುವಂತಿಲ್ಲ. ಮಾತಂತೂ ಇಲ್ಲವೇ ಇಲ್ಲ. ತನಿಖೆಯಮ್ಮ ಮೂರು ನಿಮಿಷ ಸುಮ್ಮನಿದ್ದದ್ದು ಬಹುಶಃ ಅದೇ ಮೊದಲು. ಬಾಯಿಗೆ ಬೀಗ ಬಿದ್ದದ್ದರಿಂದ ಕಣ್ಣು ಎರಡು ಪಟ್ಟು ಕೆಲಸ ಮಾಡಿತು.

ಹಿಟ್ಟು ಕಲಸಿದ್ದು ಮಗಳು. ತಟ್ಟೆಗೆ ತುಂಬಿದ್ದು ಮಗಳು. ತಟ್ಟೆಯ ಹಿಡಿಯನ್ನು ಯಜಮಾನನ ಕೈಯೊಳಗೆ ಇಟ್ಟವಳೂ ಮಗಳೇ. ಬರೀ ಕೊಟ್ಟದ್ದಲ್ಲ, ಬೆರಳು ಬಿಡಿಸಿ ಇಟ್ಟಳು. ಯಜಮಾನ ಎಡಗೈಯಿಂದ ತನಿಖೆಯಮ್ಮನ ತುಟಿ ತಡವಿ, ಆಮೇಲೆ ಬಲಗೈ ತಂದ. ಮಗಳು ಕಣ್ಣು ಮಿಟುಕಿಸದೆ ಅವನ ಕೈಯನ್ನೇ ನೋಡುತ್ತಿದ್ದಳು. ಅವನು ಒಂದು ಚೂರು ಎಡಕ್ಕೆ ಹೋದಾಗ, "ಹ್ಞೂಂ" ಎಂದು ಗಂಟಲಲ್ಲೇ ಸದ್ದು ಮಾಡಿದಳು. ಕೈ ಬಲಕ್ಕೆ ಬಂತು.

ತನಿಖೆಯಮ್ಮ ಅದನ್ನೂ ಲೆಕ್ಕಕ್ಕೆ ಹಾಕಿಕೊಂಡಳು. ಇವರಿಬ್ಬರ ನಡುವೆ ಏನೋ ಒಪ್ಪಂದ ಇದೆ. ಯಾರಿಗೂ ಗೊತ್ತಾಗಬಾರದ್ದು.

ಎರಕ ಹೊಯ್ದು ಹಲ್ಲು ಕೂರಿಸಿ ಕೊಡಲು ಆರು ದಿನ ಬೇಕು ಎಂದರು. ಆರನೇ ದಿನ ಎಂದರೆ ಗುರುವಾರ. ಮಾರನೇ ದಿನ ಶುಕ್ರವಾರ. ಆ ಆರು ದಿನವೂ ಮಗಳು ಕಾಗದದ ಮಾತೆತ್ತಿದಳು, ತಾಯಿ ಹಲ್ಲಿನ ಮಾತೆತ್ತಿದಳು. ಮಾತು ಎಲ್ಲಿಗೂ ಮುಟ್ಟಲಿಲ್ಲ.

ಗುರುವಾರ ಮಧ್ಯಾಹ್ನ ತನಿಖೆಯಮ್ಮ ಬೇಕೆಂತಲೇ ಪರ್ಸನ್ನು ಲಾಂಡ್ರಿಯಲ್ಲಿ ಬಿಟ್ಟು ಬಂದಳು. ಕುರ್ಚಿಯಲ್ಲಿ ಕೂತು, "ಅಯ್ಯೋ, ಪರ್ಸು ಮರೆತೆ. ಓಡಿ ಹೋಗಿ ಹಬೆಯಕ್ಕನ ಹತ್ರ ಇಸ್ಕೊಂಡು ಬಾ" ಎಂದು ಮಗಳಿಗೆ ಹೇಳಿದಳು.

"ಆಮೇಲೆ ಹೋದ್ರಾಯ್ತು."

"ಈಗಲೇ ಹೋಗು. ಅವಳ ಪಾಳಿ ಮುಗಿಯುತ್ತೆ."

ಮಗಳು ಯಜಮಾನನ ಕಡೆ ನೋಡಿದಳು. ಬೇರೆ ದಾರಿಯಿಲ್ಲದೆ ಹೋದಳು, ಹೋಗುತ್ತ ಎರಡು ಸಲ ತಿರುಗಿದಳು.

ಈಗ ಇಬ್ಬರೇ. ಹೊಸ ಹಲ್ಲನ್ನು ಯಜಮಾನ ಬಾಯಲ್ಲಿ ಕೂರಿಸಿದ. ಸರಿಯಾಗಿಯೇ ಕೂರಿಸಿದ, ಬೆರಳಿಗೆ ದಾರಿ ಗೊತ್ತಿತ್ತು. ಆಮೇಲೆ ಕಚ್ಚು, ಎಂದರೆ ಮೇಲಿನ ಹಲ್ಲು ಕೆಳಗಿನದಕ್ಕೆ ಕೂಡುವ ಪರಿ, ನೋಡಬೇಕು. ಅದಕ್ಕೆ ಒಂದು ನೀಲಿ ಕಾಗದವಿದೆ, ಈರುಳ್ಳಿ ಸಿಪ್ಪೆಯಷ್ಟು ತೆಳು. ಹಲ್ಲುಗಳ ನಡುವೆ ಇಟ್ಟು ಕಚ್ಚಿಸಿದರೆ ಎಲ್ಲಿ ಹಲ್ಲು ಎತ್ತರವೋ ಅಲ್ಲಿ ನೀಲಿ ಹತ್ತುತ್ತದೆ. ಹತ್ತಿದ ಕಡೆ ಉಜ್ಜಬೇಕು. ಗಂಡ ಊಟ ಮಾಡುತ್ತ ಹೇಳಿದ್ದು ಅವಳಿಗೆ ನೆನಪಿತ್ತು.

ಯಜಮಾನ ಡಬ್ಬಿಯಿಂದ ಒಂದು ಕಾಗದ ಎಳೆದ. ಅದು ಬೆರಳಿನಿಂದ ಜಾರಿ ಕೆಳಗೆ ಬಿತ್ತು. ಅವಳು ನೋಡಿದಳು. ಅವನು ನೋಡಲಿಲ್ಲ. ಖಾಲಿ ಬೆರಳನ್ನೇ ಅವಳ ಬಾಯಿಗೆ ತಂದು, "ಕಚ್ಚು" ಎಂದ.

ಕಚ್ಚಿದಳು.

ಬಗ್ಗಿ ಇಣುಕಿದ. "ಹ್ಞಾಂ. ನೀಲಿ ಚೆನ್ನಾಗಿ ಬಿದ್ದಿದೆ. ಒಂದು ಚೂರು ಉಜ್ಜಿದ್ರೆ ಸಾಕು."

"ಕಾಗದ ನೆಲದ ಮೇಲಿದೆ ಯಜಮಾನ್ರೇ" ಎಂದಳು ಅವಳು.

ಅವನು ಮೆಲ್ಲಗೆ ನೆಟ್ಟಗಾದ. ಆಮೇಲೆ ಸ್ಟೂಲು ತಡವಿ ಕೂತ.

"ಯಾವತ್ತಿನಿಂದ?" ಎಂದಳು.

"ಎರಡು ವರ್ಷ ಆಯ್ತು. ಅಂಚು ಮೊದಲು ಹೋಯ್ತು. ಈಗ ನಡುವೆ. ನೀನು ಅಲ್ಲಿ ಕೂತಿದ್ದೀಯ ಅಂತ ಗೊತ್ತಾಗುತ್ತೆ. ಮೂಗು ಎಲ್ಲಿ, ಬಾಯಿ ಎಲ್ಲಿ, ಗೊತ್ತಾಗಲ್ಲ."

"ನನ್ನ ಗಂಡನಿಗೆ ಗೊತ್ತಿತ್ತಾ?"

"ಅವನೇ ನನಗೆ ಕಣ್ಣಾಗಿದ್ದ. ಈಗ ಇವಳು."

"ಹಾಗಾದ್ರೆ ಹೊರಗೆ ನಿಮ್ಮ ಹೆಸರಲ್ಲಿ ಹೋಗೋ ಹಲ್ಲೆಲ್ಲ?"

"ಕೈ ಇವಳದು."

ತನಿಖೆಯಮ್ಮನಿಗೆ ಮೈಯೆಲ್ಲ ಉರಿಯಿತು. ಹಿಡಿದೆ ಎಂದು ಸಮಾಧಾನವೂ ಆಯಿತು. ಬೀಗದ ಕೈ, ಮುಚ್ಚಿದ ಶಟರು, ಗಂಟಲಿನ ಸದ್ದು, ಎಲ್ಲ ಒಂದಕ್ಕೊಂದು ಕೂಡಿಕೊಂಡವು. "ಅದಕ್ಕೇ ಒಂದು ವರ್ಷ ಇರು ಅಂದ್ರಿ. ನಿಮ್ಮ ಕಣ್ಣು ಮುಚ್ಚೋವರೆಗೂ ಒಂದೊಂದು ವರ್ಷ."

"ಸುಮ್ಮನೆ ಇರಿಸ್ಕೊಂಡಿಲ್ಲ ತಂಗಿ. ಬದಲಿಗೆ ಒಂದು ಕೊಡ್ತಿದ್ದೀನಿ." ಅವನು ನೀಲಿ ಕಾಗದದ ಡಬ್ಬಿಯನ್ನು ಪಕ್ಕಕ್ಕಿಟ್ಟ. ಕಣ್ಣು ಮುಚ್ಚಿಕೊಂಡ. "ಕಚ್ಚು. ಮೆಲ್ಲಗಲ್ಲ. ಟಕ್ಕಂತ."

ಕಚ್ಚಿದಳು.

"ಹಿಂದಿನ ಮೂಲೆ. ನಾಲಿಗೆ ಕಡೆ. ಒಂದು ಕೂದಲಷ್ಟು."

ಹಲ್ಲು ಹೊರತೆಗೆದು, ಬೆರಳಲ್ಲೇ ಜಾಗ ಹುಡುಕಿ, ಉಜ್ಜುವ ಸಣ್ಣ ಅರದಿಂದ ಎರಡು ಸಲ ಎಳೆದ. ಮತ್ತೆ ಕೂರಿಸಿದ. "ಕಚ್ಚು."

ಈ ಸಲ ಸದ್ದು ಬೇರೆ ಇತ್ತು. ಅವಳ ತಲೆಯೊಳಗೇ ಗೊತ್ತಾಯಿತು. ಮೊದಲು ಎರಡು ಸದ್ದು ಒಂದರ ಮೇಲೊಂದು ಬಿದ್ದಂತಿತ್ತು. ಈಗ ಒಂದೇ, ಬಾಗಿಲಿನ ಅಗುಳಿ ಕೂತ ಹಾಗೆ.

"ಕೂಡಿದ ಹಲ್ಲಿಗೆ ಒಂದೇ ಸದ್ದು" ಎಂದ ಅವನು. "ಕಾಗದ ಒಂದೊಂದು ಸಲ ಸುಳ್ಳು ಹೇಳುತ್ತೆ, ಒದ್ದೆ ಆದ್ರೆ ಬಣ್ಣ ಹರಡುತ್ತೆ. ಸದ್ದು ಹೇಳಲ್ಲ. ನಿನ್ನ ಗಂಡ ನನಗಿಂತ ಚೆನ್ನಾಗಿ ಕೇಳಿಸ್ಕೋತಿದ್ದ."

ಅಂಗಡಿಗೆ ಸೇರಿದ ಹೊಸದರಲ್ಲಿ ಗಂಡ ಅವಳನ್ನು ಕಿಟಕಿಯ ಪಕ್ಕ ಕೂರಿಸಿ, ಕಚ್ಚು, ಇನ್ನೊಂದು ಸಲ ಕಚ್ಚು ಎಂದು ಕೆನ್ನೆಗೆ ಕಿವಿ ತಾಗಿಸುತ್ತಿದ್ದ. ಸರಸಕ್ಕೆ ನೆಪ ಎಂದು ಅವಳು ಅನುಮಾನಿಸಿದ್ದಳು. ಅವನು ಕಲಿಯುತ್ತಿದ್ದ. ಬಹುಶಃ ಎರಡೂ ಇತ್ತು. ಈಗ ಕೇಳೋಣವೆಂದರೆ ಅವನಿಲ್ಲ.

ಕಣ್ಣು ಒರೆಸಿಕೊಂಡು ಮತ್ತೆ ಕೆಲಸಕ್ಕೆ ಬಂದಳು. "ಇದನ್ನ ಕಲಿಯೋಕೆ ನಿಮಗೆ ಎಷ್ಟು ದಿನ ಹಿಡೀತು?"

"ನನಗಾ? ಒಂಬತ್ತು ವರ್ಷ."

"ಅವರಿಗೆ?"

"ನಿನ್ನ ಗಂಡ ಚುರುಕು. ನಾಲ್ಕು ವರ್ಷಕ್ಕೆ ಹಿಡಿದ."

"ಹಾಗಾದ್ರೆ ಇವಳಿಗೆ ಒಂದು ವರ್ಷ ಅಂತ ಯಾವ ಬಾಯಲ್ಲಿ ಹೇಳಿದ್ರಿ?"

ಯಜಮಾನ ಬಾಯಿ ತೆರೆದ. ಗೋಡೆಯ ತುಂಬ ನೂರಾರು ಬಾಯಿ, ಒಂದೂ ಸಹಾಯಕ್ಕೆ ಬರಲಿಲ್ಲ.

"ಅವರು ಹೇಳಿಲ್ಲ. ನಾನು ಹೇಳಿದ್ದು."

ಮಗಳು ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಪರ್ಸು. ಓಡಿ ಬಂದಿದ್ದಳು. ನೆಲದ ಮೇಲಿನ ನೀಲಿ ಕಾಗದ ನೋಡಿ ಎಲ್ಲ ಅರ್ಥವಾದವಳಂತೆ ಉಸಿರು ಬಿಟ್ಟಳು.

"ಇರು ಅಂದಿದ್ದು ಅವರೇ. ಸದ್ದು ಹಿಡಿಯೋದು ಒಂದು ವರ್ಷದಲ್ಲಿ ಬರುತ್ತೆ ಅಂತ ನಾನು ಅಂದ್ಕೊಂಡೆ" ಎಂದಳು. "ಕಾಲೇಜಲ್ಲಿ ಮೆಷಿನ್ ಕಲಿಸ್ತಾರೆ, ಇದನ್ನ ಕಲಿಸಲ್ಲ. ಅಪ್ಪನಿಗೆ ಕೇಳಿಸ್ತಿತ್ತು. ನನಗೆ ಕೇಳಿಸಲ್ಲ ಅಮ್ಮ. ದಿನಾ ಬೆಳಿಗ್ಗೆ ಕೂರಿಸಿ ಕಲಿಸ್ತಾರೆ. ಮನೇಲೂ ಮಾಡ್ತೀನಿ. ಗಾರೆ ದವಡೆ ತಗೊಂಡು ಹೋಗಿ ಕುಟ್ಟಿ ಕುಟ್ಟಿ ನೋಡ್ತೀನಿ. ಎಲ್ಲ ಒಂದೇ ಥರ ಕೇಳಿಸುತ್ತೆ."

"ಅದಾ ಆ ಟಕ್ ಟಕ್?"

"ನೀನು ಏನಂದ್ಕೊಂಡೆ?"

"ಏನೂ ಇಲ್ಲ" ಎಂದಳು ತನಿಖೆಯಮ್ಮ. "ಇನ್ನೊಂದು ಫೋನು ಅಂದ್ಕೊಂಡಿದ್ದೆ."

ಯಜಮಾನನಿಗೆ ನಗು ಬಂತು, ತಡೆದುಕೊಂಡ.

ಅವಳು ಕುರ್ಚಿಯಿಂದ ಇಳಿದು ಮಗಳ ಎದುರು ನಿಂತಳು. "ಒಂದು ಮಾತು ಕೇಳ್ತೀನಿ. ಒಂದು ವರ್ಷ ಕೂತೆ ಅಂದ್ಕೋ. ಆಗಲೂ ಕೇಳಿಸಲಿಲ್ಲ. ಆಗ?"

"ಆಗ ಇನ್ನೊಂದು..." ಎಂದು ಮಗಳು ನಿಂತುಬಿಟ್ಟಳು.

ಮೇಣದ ಒಲೆ ಸಣ್ಣಗೆ ಸುಯ್ಯೆನ್ನುತ್ತಿತ್ತು.

"ನನ್ನ ಪುಸ್ತಕಾನ ನಮ್ಮಪ್ಪ ಬಟ್ಟೆ ಸುತ್ತಿ ಅಟ್ಟದ ಮೇಲಿಟ್ಟಿದ್ರು" ಎಂದಳು ತಾಯಿ. "ಮೂರನೇ ವರ್ಷ ಇಳಿಸಿ ನೋಡಿದೆ. ಗೆದ್ದಲು. ಅಷ್ಟೇ ನನಗೆ ಗೊತ್ತಿರೋದು. ಹೆಚ್ಚು ಓದಿದವಳಲ್ಲ ನಾನು."

ಮಗಳು ಅಪ್ಪನ ಸ್ಟೂಲಿನ ಮೇಲೆ ಕೂತಳು. "ಇವರ ಕಣ್ಣಿಗೆ ಏನು ಮಾಡೋದು?" ಎಂದಳು, ಯಜಮಾನ ಅಲ್ಲಿಲ್ಲವೇನೋ ಎಂಬಂತೆ.

"ನನ್ನ ಕಣ್ಣು ನನ್ನದು" ಎಂದ ಅವನು. ಅರವನ್ನು ಒರೆಸಿ ಅದರ ಜಾಗದಲ್ಲೇ ಇಟ್ಟ. "ಭಾನುವಾರ ಬಾ. ಕಾಲೇಜಿಗೆ ರಜೆ."

"ಭಾನುವಾರ ಅಂಗಡಿ ಮುಚ್ಚಿರುತ್ತಲ್ಲ?" ತನಿಖೆಯಮ್ಮ ಬಿಡಲಿಲ್ಲ.

"ಅಂಗಡಿ ಮುಚ್ಚಿರುತ್ತೆ. ಕಿವಿ ಮುಚ್ಚಿರಲ್ಲ."

"ಇದು ಇಷ್ಟು ಸುಲಭ ಇದ್ರೆ ಮೊದಲೇ ಯಾಕೆ ಹೇಳ್ಲಿಲ್ಲ?"

"ವಾರಕ್ಕೊಂದು ದಿನ ಬರೋ ಕಣ್ಣು ನನಗೆ ಸಾಲಲ್ಲ ತಂಗಿ" ಎಂದ. "ಅದಕ್ಕೇ ಹೇಳ್ಲಿಲ್ಲ."

ಅವನು ಹೇಳಿದ ಮಾತುಗಳಲ್ಲಿ ಅವಳು ಅನುಮಾನಪಡದೆ ತೆಗೆದುಕೊಂಡದ್ದು ಅದೊಂದೇ.

ಸಂಜೆ ಮನೆಯಲ್ಲಿ ಹೊದಿಕೆಗಳ ನಡುವಿನಿಂದ ಕಾಗದ ಹೊರಬಂತು. ಮಗಳು ಅದನ್ನು ಮುಂದಿಟ್ಟುಕೊಂಡು ಒಂದು ಲೋಟ ನೀರು ಕುಡಿದಳು, ಎದ್ದು ಕೋಣೆಗೆ ಹೋಗಿ ಗಾರೆ ದವಡೆಗಳನ್ನು ತಂದು ಎರಡು ಸಲ ಕುಟ್ಟಿದಳು, ಮುಖ ಸಣ್ಣದು ಮಾಡಿಕೊಂಡು ಬದಿಗಿಟ್ಟಳು. ಆಮೇಲೆ ಮೊದಲನೇ ಚೌಕಕ್ಕೆ ಗುರುತು ಹಾಕಿದಳು. ತಾಯಿ ಹೇಳಿಕೊಟ್ಟದ್ದಲ್ಲ. ತಾಯಿ ಆಗ ಒಲೆಯ ಕಡೆ ಮುಖ ಮಾಡಿದ್ದಳು, ಆದರೆ ಸ್ಟೀಲಿನ ಪಾತ್ರೆಯ ಹೊಳಪಿನಲ್ಲಿ ಎಲ್ಲ ನೋಡುತ್ತಿದ್ದಳು. ಕೊನೆಗೆ ಬಂದು ಒಂದೊಂದೇ ಅಕ್ಷರ ಕೂರಿಸಿ ಸಹಿ ಹಾಕಿದಳು.

ಮರುದಿನ ಕಾಗದ ಮುಟ್ಟಿಸಲು ಮಗಳೊಬ್ಬಳನ್ನೇ ಕಳಿಸಲು ಅವಳು ಒಪ್ಪಲಿಲ್ಲ. ಅಮ್ಮನೊಬ್ಬಳ ಕೈಗೇ ಕೊಡಲು ಮಗಳು ಒಪ್ಪಲಿಲ್ಲ. ಇಬ್ಬರೂ ಎರಡು ಗಂಟೆ ಬಸ್ಸಿನಲ್ಲಿ ಕೂತು ಹೋದರು. ಕಾಲೇಜಿನ ಗುಮಾಸ್ತ ಕಾಗದ ತೆಗೆದುಕೊಂಡು ಫೈಲಿಗೆ ಹಾಕಿದ. ಅವನು ಸರಿಯಾದ ಫೈಲಿಗೇ ಹಾಕಿದನೇ ಎಂದು ತನಿಖೆಯಮ್ಮ ಕೌಂಟರಿನ ಮೇಲೆ ಬಗ್ಗಿ ನೋಡಿದಳು. "ಏನಮ್ಮ ಬೇಕಿತ್ತು?" ಎಂದ. "ಮುಚ್ಚಿದ್ದು ನೋಡ್ಬೇಕಿತ್ತು" ಎಂದಳು. ಅವನು ಫೈಲು ಮುಚ್ಚಿ ತೋರಿಸಿದ.

ಮಗಳು ಕಾಲೇಜಿನ ಹಾಸ್ಟೆಲಿಗೆ ಹೋದ ಮೇಲೆ ಯಜಮಾನ ಹೊಸ ಸೆಟ್ಟು ಕಟ್ಟುವುದನ್ನು ನಿಲ್ಲಿಸಿದ. ಹಳೆಯ ಗಿರಾಕಿಗಳ ಕಚ್ಚು ಸರಿಮಾಡುವುದಷ್ಟೇ ಉಳಿಸಿಕೊಂಡ. ನಾಲ್ಕು ಗಂಟೆಗೇ ಶಟರು ಇಳಿಯತೊಡಗಿತು. ಲಾಂಡ್ರಿಯಿಂದ ಬರುವಾಗ ತನಿಖೆಯಮ್ಮ ಅದನ್ನು ನೋಡುತ್ತಿದ್ದಳು. ಒಬ್ಬನ ಕಣ್ಣು ಕಿತ್ತುಕೊಂಡೆ ಎನ್ನುವುದು ಅವಳಿಗೆ ಗೊತ್ತಿತ್ತು. ಮತ್ತೆ ಅದೇ ಆಯ್ಕೆ ಬಂದರೂ ಅದನ್ನೇ ಮಾಡುತ್ತಿದ್ದಳು ಎನ್ನುವುದೂ ಗೊತ್ತಿತ್ತು.

ಮೊದಲ ಭಾನುವಾರ ಹತ್ತು ಗಂಟೆಯ ಬಸ್ಸಿಗೆ ಮಗಳು ಬರಬೇಕು. ಬರುವುದಿಲ್ಲ ಎಂದೇ ತನಿಖೆಯಮ್ಮನ ಲೆಕ್ಕ. ಹೊಸ ಜಾಗ, ಹೊಸ ಗೆಳತಿಯರು, ರಜೆಯ ದಿನ. ಆದರೂ ಒಂಬತ್ತೂವರೆಗೇ ಅಂಗಡಿಗೆ ಬಂದು ಕುರ್ಚಿಯಲ್ಲಿ ಕೂತಳು. ಯಜಮಾನ ಆಗಲೇ ಬಂದಿದ್ದ.

"ಬರಲ್ಲ ಬಿಡಿ" ಎಂದಳು.

"ಬರ್ತಾಳೆ. ಅಲ್ಲಿವರೆಗೆ ನಿನ್ನ ಹಲ್ಲು ಕೊಡು." ತೆಗೆದುಕೊಂಡು ಅರದಿಂದ ಏನೋ ಮಾಡಿ, ಒಂದು ಹನಿ ಮೇಣ ತಾಗಿಸಿ ವಾಪಸು ಕೂರಿಸಿದ. "ಕಚ್ಚು."

ಎರಡು ಸದ್ದು. ಮೊದಲಿನ ಹಾಗೆ, ಒಂದರ ಮೇಲೊಂದು.

"ಕೆಡಿಸಿದ್ರಾ?"

"ಒಂದು ಕೂದಲಷ್ಟು. ಅವಳಿಗೆ ಹೇಳ್ಬೇಡ."

ಹತ್ತೂಕಾಲಿಗೆ ಶಟರಿನ ಕೆಳಗೆ ಎರಡು ಕಾಲು ಕಂಡವು. ಹೊಸ ಚಪ್ಪಲಿ. ಮಗಳು ಬಗ್ಗಿ ಒಳಗೆ ಬಂದಳು, ಚೀಲವನ್ನೂ ಇಳಿಸಲಿಲ್ಲ. ಅಮ್ಮನನ್ನು ನೋಡಿದಳು, ಯಜಮಾನನನ್ನು ನೋಡಿದಳು. ಇಬ್ಬರ ಮುಖವೂ ಬೇಕಾದ್ದಕ್ಕಿಂತ ಹೆಚ್ಚು ಸಪ್ಪಗಿತ್ತು.

"ಏನು ನಡೀತಿದೆ ಇಲ್ಲಿ?" ಎಂದಳು.

ಆ ದನಿಯಲ್ಲಿ ತನಿಖೆಯಮ್ಮನಿಗೆ ತನ್ನದೇ ದನಿ ಕೇಳಿಸಿತು. ಬಾಯಿ ಬಿಡಲಿಲ್ಲ.

ಮಗಳು ಬಗ್ಗಿ ಅವಳ ಕೆನ್ನೆಗೆ ಕಿವಿ ತಾಗಿಸಿದಳು. ಕೂದಲಲ್ಲಿ ಬೇರೆ ಊರಿನ ಸೋಪಿನ ವಾಸನೆ. "ಕಚ್ಚು ಅಮ್ಮ."

ಕಚ್ಚಿದಳು.

"ಇನ್ನೊಂದು ಸಲ."

ಕಚ್ಚಿದಳು. ಕೆನ್ನೆಗೆ ತಾಗಿದ ಕಿವಿ ಬಿಸಿಯಾಗಿತ್ತು. ಅಲ್ಲಿ ಇನ್ನೊಂದು ಕಿವಿ ತಾಗಿ ಎಷ್ಟೋ ವರ್ಷಗಳಾಗಿದ್ದವು.

ಮಗಳು ಬಹಳ ಹೊತ್ತು ಅಲುಗಲಿಲ್ಲ. "ಹ್ಞಾಂ" ಎಂದಳು ಕೊನೆಗೆ, ಪೂರ್ತಿ ಧೈರ್ಯವಿಲ್ಲದೆ. "ಮುಂದಿನ ಮೂಲೆ. ಕೆನ್ನೆ ಕಡೆ. ಎರಡು ಕೇಳಿಸ್ತು."

ತನಿಖೆಯಮ್ಮ ತಟ್ಟನೆ ಯಜಮಾನನ ಕಡೆ ನೋಡಿದಳು. ಇವನೇನಾದರೂ ಬೆರಳಲ್ಲಿ ತೋರಿಸಿರಬೇಕು, ಗಂಟಲಲ್ಲಿ ಸದ್ದು ಮಾಡಿರಬೇಕು. ಅವನು ಎರಡೂ ಕೈಯನ್ನು ಮೊಣಕಾಲ ಮೇಲಿಟ್ಟುಕೊಂಡು, ತುಟಿ ಬಿಗಿದು ಕೂತಿದ್ದ. ಕಣ್ಣು ಮುಚ್ಚಿತ್ತು.

ಆದರೂ ಖಚಿತ ಮಾಡಿಕೊಳ್ಳಲು ಅವಳು ಕುರ್ಚಿಯನ್ನು ತಿರುಗಿಸಿ, ಅವನ ಕಡೆ ಬೆನ್ನು ಹಾಕಿದಳು. "ಈಗ ಹೇಳು" ಎಂದು ಮತ್ತೆ ಕಚ್ಚಿದಳು.